ಹುರುಳಿಯ ಮೇಲೆ ಹಾದ ಕಾರು

ಹಳೇಕೋಟೆ
21 ಜನವರಿ 2024

ನಿಸರ್ಗ,

ಕ್ಷೇಮ ಸಮಾಚಾರ ಕೇಳಿ ಕಾಗದ ಶುರು ಮಾಡಬೇಕು ಎಂದು ನಮಗೆ ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದರು. ನೀನು ಹೇಗಿದ್ದೀಯ ಎಂದು ನನಗೆ ಗೊತ್ತು, ನಾನು ಹೇಗಿದ್ದೇನೆ ಎಂದು ನಿನಗೆ ಗೊತ್ತು. ಅದನ್ನು ಬಿಟ್ಟು ಮಿಕ್ಕಿದ್ದು ಬರೆಯುತ್ತೇನೆ.

ನಿಮ್ಮಪ್ಪನ ತಿಥಿ ಮುಗಿಸಿಕೊಂಡು ನೀನು ಹಾಸನಕ್ಕೆ ಹೋದ ಮೇಲೆ ನಾನೇ ಎಷ್ಟೋ ಸಲ ಫೋನ್ ಮಾಡಿದೆ. ‘ಊಟ ಆಯ್ತಾ’ ಅನ್ನುತ್ತೇನೆ, ‘ಆಯ್ತು’ ಅನ್ನುತ್ತೀಯ, ಆಮೇಲೆ ಇಬ್ಬರೂ ಫೋನ್ ಕಿವಿಗೆ ಒತ್ತಿಕೊಂಡು ಸುಮ್ಮನೆ ಕೂರುತ್ತೇವೆ. ಆ ಸುಮ್ಮನಿರುವುದು ನನಗೆ ಆಗುವುದಿಲ್ಲ. ಅದಕ್ಕೇ ಈ ಕಾಗದ. ನಮ್ಮ ಡೈರಿಯ ಹಾಲಿನ ವ್ಯಾನು ದಿನಾ ಹಾಸನಕ್ಕೆ ಬರುತ್ತದಲ್ಲ, ಅದರಲ್ಲಿ ಕಳಿಸುತ್ತೇನೆ. ನಿನ್ನ ರೂಮಿನ ಹತ್ತಿರದ ಬೂತಿನಲ್ಲಿ ಇಸಿದುಕೋ. ಡೈರಿ ಕಾರ್ಯದರ್ಶಿಯಾಗಿ ಮೀಟಿಂಗ್ ವರದಿ ಬರೆದೂ ಬರೆದೂ ನನ್ನ ಕೈ ಪುಸ್ತಕದ ಭಾಷೆಗೆ ಒಗ್ಗಿಹೋಗಿದೆ, ನಗಬೇಡ.

ಪೊಲೀಸರು ಮತ್ತೆ ಬಂದಿದ್ದರು. ಅವತ್ತು ಹೇಳಿದ್ದನ್ನೇ ಇನ್ನೊಂದು ಸಲ ಹೇಳಿ ಅಂದರು, ಹೇಳಿದೆ. ನಿಮ್ಮಪ್ಪ ಟಾರು ರಸ್ತೆಯ ಮೇಲೆ ಹರಡಿದ್ದ ಹುರುಳಿ ಗಿಡವನ್ನು ತಿರುವಿ ಹಾಕುತ್ತಿದ್ದರು. ಚಕ್ರಕ್ಕೆ ಸಿಕ್ಕದೆ ಕಂತೆ ಕಟ್ಟಿದ್ದ ಒಂದಿಷ್ಟನ್ನು ಬಿಡಿಸಲು ಕುಕ್ಕರಗಾಲಲ್ಲಿ ಕೂತರು. ನಾನು ರಸ್ತೆ ಪಕ್ಕದಲ್ಲಿ ಕಾಳು ಕೇರುತ್ತಿದ್ದೆ. ನಿಮ್ಮ ಕಂಪನಿಯ ತಾನೇ ಓಡುವ ಬಿಳಿ ಕಾರು ಬಂತು. ಸ್ಟೇರಿಂಗ್ ಹಿಂದೆ ಕಾವಲಿಗೆ ಕೂತಿದ್ದ ಹುಡುಗ, ಆ ಅಭಿಷೇಕ್, ಮೊಬೈಲ್ ನೋಡುತ್ತಿದ್ದ. ಇಷ್ಟೇ. ಅವನ ಮೇಲೆ ಅಜಾಗರೂಕತೆಯ ಕೇಸು ಗಟ್ಟಿಯಾಗಿದೆಯಂತೆ.

ಉಳಿದ ಹುರುಳಿ ಇನ್ನೂ ಮೆದೆಯಲ್ಲೇ ಇದೆ. ನಿಮ್ಮ ದೊಡ್ಡಪ್ಪ ‘ನಾನೇ ಒಕ್ಕಣೆ ಮಾಡ್ಕೊಡ್ತೀನಿ ಬುಡವ್ವ’ ಅಂದರು. ಬೇಡ ಅಂದೆ. ಬೆಳಗ್ಗೆ ಸಂಜೆ ಡೈರಿಗೆ ಹೋಗುತ್ತೇನೆ, ಹಾಲಿನ ಡಿಗ್ರಿ ನೋಡುತ್ತೇನೆ, ನೀರು ಬೆರೆಸಿದವರಿಗೆ ಬಯ್ಯುತ್ತೇನೆ. ಬಯ್ಯುವುದೊಂದು ಸಲೀಸಾಗಿ ಬರುತ್ತಿದೆ.

ನಿನ್ನ ಅಮ್ಮ
ಪುಟ್ಟತಾಯಮ್ಮ
(ವರದಿಗೆ ಹಾಕುವ ಹಾಗೆ ಪೂರ್ತಿ ಸಹಿ ಹಾಕಿಬಿಟ್ಟೆ. ಇರಲಿ.)


ಹಾಸನ
4 ಫೆಬ್ರವರಿ 2024

ಅಮ್ಮಾ,

ಕಾಗದ ಸಿಕ್ಕಿತು. ಹಾಲಿನ ಕ್ರೇಟಿನ ನೀರು ತಾಗಿ ಮೂಲೆ ಒದ್ದೆಯಾಗಿತ್ತು, ಓದಲು ತೊಂದರೆಯಾಗಲಿಲ್ಲ.

ನಾನು ಕೆಲಸಕ್ಕೆ ಹೋಗುತ್ತಿದ್ದೇನೆ. ರಜೆ ಹಾಕು ಎಂದು ಎಲ್ಲರೂ ಹೇಳಿದರು. ರೂಮಿನಲ್ಲಿ ಕೂತು ಏನು ಮಾಡಲಿ? ಹೊತ್ತುಹೊತ್ತಿಗೆ ಹಸಿವಾಗುತ್ತದೆ, ಮಲಗಿದರೆ ನಿದ್ದೆ ಬರುತ್ತದೆ. ಅಳು ಮಾತ್ರ ಬಂದಿಲ್ಲ. ತಿಥಿಯ ದಿನ ಅತ್ತೆಯರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು, ನಾಚಿಕೆಯಾಯಿತು. ಹಲ್ಲು ಕೀಳಿಸಿದ ಮೇಲೆ ದವಡೆ ಜೋಮು ಹಿಡಿದಿರುತ್ತದಲ್ಲ, ಒಳಗೆಲ್ಲ ಹಾಗಾಗಿದೆ.

ನಮ್ಮ ಮಿಂಚುಳ್ಳಿ ಮೋಟಾರ್ಸಿನ ಪರೀಕ್ಷೆ ಕಾರುಗಳೆಲ್ಲ ಶೆಡ್ಡಿನಲ್ಲಿ ನಿಂತಿವೆ. ತಾನೇ ಓಡುವ ಕಾರನ್ನು ರಸ್ತೆಗೆ ಇಳಿಸಲು ಕೊಟ್ಟಿದ್ದ ಅನುಮತಿಯನ್ನು ತನಿಖೆ ಮುಗಿಯುವವರೆಗೆ ತಡೆಹಿಡಿದಿದ್ದಾರೆ. ನಾವು ಈಗಾಗಲೇ ಮಾರುತ್ತಿರುವ ಮಾಮೂಲಿ ಎಲೆಕ್ಟ್ರಿಕ್ ಕಾರಿನಲ್ಲಿ ಬ್ಯಾಟರಿಯ ಖರ್ಚು ಕಳೆದರೆ ಏನೂ ಉಳಿಯುವುದಿಲ್ಲ. ಮುಂದೆ ತಾನೇ ಓಡುವ ಕಾರು ಬರುತ್ತದೆ ಎಂಬ ಆಸೆಗೇ ಹೊರಗಿನವರು ಬಂಡವಾಳ ಹಾಕಿದ್ದು. ಈಗ ಅವರು ಹಣ ತಡೆಹಿಡಿದಿದ್ದಾರೆ. ಕಾರ್ಖಾನೆಯಲ್ಲಿ ಒಂದು ಪಾಳಿ ನಿಲ್ಲಿಸಿದರು. ಕಂಪನಿ ಕಟ್ಟಿದ ಚಂದ್ರಮೌಳಿ ಸರ್ ದಿನಾ ಬೆಳಗ್ಗೆ ಎಲ್ಲರನ್ನೂ ಸೇರಿಸಿ ಧೈರ್ಯ ಹೇಳುತ್ತಾರೆ. ನನ್ನ ಕಡೆ ನೋಡುವುದಿಲ್ಲ.

ತನಿಖಾ ಸಮಿತಿಯವರು ನನ್ನನ್ನು ಕರೆದಿದ್ದಾರೆ. ಏನಾಯಿತೆಂದು ಬರೆದು ಕೊಡಬೇಕು. ಮೊದಲು ನಿನಗೆ ಬರೆದು ನೋಡುತ್ತೇನೆ, ಬರೆಯಲು ಆಗುತ್ತದೋ ಇಲ್ಲವೋ ಎಂದು.

ಡಿಸೆಂಬರಿನಲ್ಲಿ ಸುಗ್ಗಿ ಶುರುವಾದಾಗ ನಮ್ಮ ಕಾರು ರಸ್ತೆಯ ಮೇಲೆ ಒಕ್ಕಣೆ ಕಂಡಲ್ಲೆಲ್ಲ ನಿಂತುಬಿಡುತ್ತಿತ್ತು. ಹರಡಿದ ರಾಗಿ ಹುಲ್ಲು, ಹುರುಳಿ ಗಿಡ ಎಲ್ಲವೂ ಅದರ ಕಣ್ಣಿಗೆ ಗೋಡೆ. ಹಿಂದೆ ಬಸ್ಸು, ಟ್ರ್ಯಾಕ್ಟರು ಸಾಲುಗಟ್ಟಿ ಹಾರನ್ ಹೊಡೆಯುತ್ತಿದ್ದವು. ನೀನು ಫೋನ್ ಮಾಡಿದೆ. ‘ನಿನ್ ಕಾರು ಮುನಿಸ್ಕೊಂಡ್ ಮದ್ಲಿಂಗ್ನಂಗೆ ನಮ್ ಉರ್ಳಿ ಮುಂದೆ ನಿಂತ್ಬುಡ್ತದೆ ಕಣೇ. ಎಲ್ಲಾ ಗಾಡಿನೂ ಮ್ಯಾಲೆ ಅತ್ಕೊಂಡು ಓಯ್ತವೆ, ಇದ್ಕೇನ್ ದೊಡ್ಡಸ್ತಿಕೆ? ಅತ್ಕೊಂಡು ಓಗದು ಕಲ್ಸು, ನಮ್ಗೂ ಕಾಳು ಬುಡ್ತದೆ’ ಎಂದೆ. ಅಪ್ಪ ಹಿಂದಿನಿಂದ ನಗುತ್ತಿದ್ದರು. ನಾನೂ ನಕ್ಕೆ. ಆಮೇಲೆ ಒಂದು ವಾರ ಕೂತು, ರಸ್ತೆಯ ಮೇಲೆ ಹರಡಿದ ಬೆಳೆಯ ಸಾವಿರಾರು ಚಿತ್ರ ತೋರಿಸಿ, ಇದು ಅಡ್ಡಿಯಲ್ಲ, ನಿಧಾನವಾಗಿ ಮೇಲೆ ಹಾದು ಹೋಗು ಎಂದು ಕಾರಿಗೆ ಕಲಿಸಿದೆ. ದೊಡ್ಡ ದೊಡ್ಡ ಕಂಪನಿಗಳ ಕಾರಿಗೂ ಇದು ಬರುವುದಿಲ್ಲ ಎಂದು ಸರ್ ಬಂಡವಾಳದವರ ಮುಂದೆ ನನ್ನನ್ನು ನಿಲ್ಲಿಸಿ ಹೊಗಳಿದರು. ಬೆಳೆಯ ನಡುವೆ ಮೈಮೇಲೆಲ್ಲ ಸೊಪ್ಪು ಮೆತ್ತಿಕೊಂಡು ಮನುಷ್ಯ ಕೂತಿರುವ ಚಿತ್ರ ಆ ಸಾವಿರಾರರಲ್ಲಿ ಒಂದೂ ಇರಲಿಲ್ಲ.

ಬರೆದಾಯಿತು. ಒಂದು ಅಕ್ಷರವನ್ನೂ ಹೊಡೆದುಹಾಕಬೇಕಾಗಲಿಲ್ಲ.

ನಿಸರ್ಗ


ಹಳೇಕೋಟೆ
18 ಫೆಬ್ರವರಿ 2024

ನಿಸರ್ಗ,

ನಿನ್ನ ಕಾಗದ ಓದಿ ಮಡಿಸಿಟ್ಟೆ. ಬೇರೆ ಸುದ್ದಿ ಇದೆ.

ನಿಮ್ಮ ಚಂದ್ರಮೌಳಿ ಬಂದಿದ್ದ. ಒಬ್ಬನೇ ಬಂದ, ಅದಕ್ಕೆ ಮೆಚ್ಚಬೇಕು. ಡೈರಿಯಲ್ಲಿ ಹಾಲು ಅಳೆಯುವ ಹೊತ್ತು. ಸಾಲಿನಲ್ಲಿ ಕ್ಯಾನು ಹಿಡಿದು ನಿಂತವರೆಲ್ಲ ಹಿಂದೆ ಸರಿದು ಅವನಿಗೆ ದಾರಿ ಬಿಟ್ಟರು. ನಾನು ಬಿಡಲಿಲ್ಲ. ‘ಆಲಾಕೋರ್ ಮೊದ್ಲು, ಸಾ, ಒಸಿ ಕೂತ್ಕಳಿ’ ಅಂದೆ. ಖಾಲಿ ಕ್ರೇಟಿನ ಮೇಲೆ ಕೂತು ಕಾದ.

ಆಮೇಲೆ ಮಾತಾಡಿದ. ‘ನಿಮ್ಮನೇಲಿ ಊಟ ಮಾಡಿದೀನಿ ಅಮ್ಮ. ರಾಮಣ್ಣೋರು ನಮ್ಮ ಕಾರಿಗೆ ಎದುರು ಬಂದು ಕೈ ಬೀಸ್ತಿದ್ರು. ನಂಗೆ ಮುಖ ತೋರಿಸೋಕೆ ಆಗ್ತಿಲ್ಲ’ ಎಂದ. ಕಣ್ಣು ಕೆಂಪಾಗಿತ್ತು. ಸುಳ್ಳು ಅಳುವಲ್ಲ, ನನಗೆ ಗೊತ್ತಾಗುತ್ತದೆ. ಅವರಪ್ಪ ಚಂದ್ರಶೇಖರಯ್ಯನವರು ರಾಮನಾಥಪುರದಲ್ಲಿ ಹೊಗೆಸೊಪ್ಪಿನ ವ್ಯಾಪಾರದಲ್ಲಿ ಗಳಿಸಿದ್ದನ್ನೆಲ್ಲ ಈ ಕಂಪನಿಗೇ ಸುರಿದಿದ್ದಾರಂತೆ. ಪಾಪ ಅನ್ನಿಸಿತು. ಅನ್ನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ನಿಮ್ಮಪ್ಪನ ಹೆಸರಿನಲ್ಲಿ ಡೈರಿಗೆ ಒಂದು ಎಲೆಕ್ಟ್ರಿಕ್ ವ್ಯಾನು ಕೊಡಿಸುತ್ತಾನಂತೆ. ಬಾಗಿಲ ಮೇಲೆ ರಾಮಣ್ಣ ಎಂದು ಬರೆಸುತ್ತಾನಂತೆ. ನಾನು ಕೇಳಿದೆ, ‘ಅದ್ಕೆ ಡ್ರೈವರ್ ಇರ್ತಾನಾ ಸಾ, ಇಲ್ಲಾ ಅದೇ ಓಡ್ಕಂಡು ಬತ್ತದಾ?’

ಅವನು ತಲೆ ತಗ್ಗಿಸಿಕೊಂಡ. ‘ತನಿಖೇಲಿ ಡ್ರೈವರ್ ತಪ್ಪು ಅಂತ ಬಂದ್ರೆ ಕಂಪನಿ ಉಳಿಯುತ್ತೆ. ಕಾರಿನ ತಪ್ಪು ಅಂತ ಬಂದ್ರೆ ಬೀಗ ಹಾಕ್ಬೇಕು. ಆಗ ಕಲಿಸಿದೋರು ಯಾರು ಅಂತ್ಲೂ ಕೇಳ್ತಾರೆ ಅಮ್ಮ’ ಎಂದ. ಗದರಿಸಿ ಹೇಳಲಿಲ್ಲ, ಮೆಲ್ಲಗೇ ಹೇಳಿದ.

‘ನಾ ಕಂಡಿದ್ ಏಳಾಯ್ತು, ನೀವು ಒರ್ಡಿ’ ಅಂದೆ. ವ್ಯಾನು ಬೇಡ ಎಂದೂ ಹೇಳಿದೆ. ಡೈರಿಯ ನಿರ್ದೇಶಕರಿಗೆಲ್ಲ ನನ್ನ ಮೇಲೆ ಬೇಜಾರು. ಕೊಟ್ಟಿದ್ದನ್ನು ತೆಗೆದುಕೊಳ್ಳುವುದಕ್ಕೇನು ರೋಗ ಎಂದು ಹಿಂದಿನಿಂದ ಆಡಿಕೊಂಡರಂತೆ.

ನಿನ್ನ ಬೆಳ್ಳುಳ್ಳಿ ಚಟ್ನಿಪುಡಿ ಕಳಿಸಿದ್ದೇನೆ. ಡಬ್ಬಿ ವಾಪಸ್ ಕಳಿಸು.

ಅಮ್ಮ


ಹಾಸನ
10 ಮಾರ್ಚ್ 2024

ಅಮ್ಮಾ,

ಸಮಿತಿಯ ಮುಂದೆ ಎಲ್ಲ ಹೇಳಿದೆ. ನಿನಗೆ ಬರೆದದ್ದನ್ನೇ ಹೇಳಿದೆ. ಬರೆದುಕೊಂಡರು, ನೀರು ಕುಡಿಯಿರಿ ಎಂದರು. ವರದಿಯಲ್ಲಿ ಅದು ಒಂದು ಸಾಲಾಗಿ ಬಂದಿದೆ: ‘ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ವ್ಯವಸ್ಥೆಯನ್ನು ಹೊಂದಿಸಲಾಗಿತ್ತು.’ ಯಾರು ಹೊಂದಿಸಿದರು ಎಂದಿಲ್ಲ. ಕೊನೆಯಲ್ಲಿ, ಕಾರನ್ನು ತಡೆಯುವ ಅಂತಿಮ ಹೊಣೆ ಸ್ಟೇರಿಂಗ್ ಹಿಂದೆ ಕೂತವನದು, ಅವನು ಮೊಬೈಲ್ ನೋಡುತ್ತಿದ್ದನೆಂದು ಪ್ರತ್ಯಕ್ಷದರ್ಶಿ ಹೇಳಿದ್ದಾರೆ, ಆದ್ದರಿಂದ ಮನುಷ್ಯನ ತಪ್ಪು ಎಂದು ಮುಗಿಸಿದ್ದಾರೆ. ಪ್ರತ್ಯಕ್ಷದರ್ಶಿ ಎಂದರೆ ನೀನು.

ಅಮ್ಮಾ, ಒಂದು ವಿಷಯ ಹೇಳಬೇಕು. ಅಭಿಷೇಕ್ ಮೊಬೈಲ್ ನೋಡುತ್ತಿರಲಿಲ್ಲ. ಸ್ಟೇರಿಂಗ್ ಪಕ್ಕದಲ್ಲಿ ಕಂಪನಿಯದೇ ಒಂದು ಪರದೆ ಕೂರಿಸಿದೆ. ಒಕ್ಕಣೆಯ ಮೇಲೆ ಕಾರು ಹಾದಾಗಲೆಲ್ಲ ‘ಸರಿಯಾಗಿ ದಾಟಿತು’ ಎಂದು ಅದರ ಮೇಲೆ ಒತ್ತಬೇಕು. ಕಾರಿಗೆ ಹೊಸ ಪಾಠ ಎಷ್ಟು ಬಂದಿದೆ ಎಂದು ನೋಡಲು ಹಾಗೆ ಮಾಡಿದ್ದೆವು. ರಸ್ತೆ ನೋಡಬೇಕಾದ ಹೊತ್ತಿನಲ್ಲೇ ಪರದೆ ನೋಡಬೇಕಾಗುತ್ತದೆ ಎಂದು ಅವನು ಒಂದು ಸಲ ಹೇಳಿದ್ದ. ಮುಂದಿನ ತಿಂಗಳು ಸರಿಮಾಡೋಣ ಎಂದಿದ್ದರು.

ಒಳಗಿನ ಕ್ಯಾಮೆರಾದಲ್ಲಿ ಅವನು ತಲೆ ಬಗ್ಗಿಸಿದ್ದು ಕಾಣುತ್ತದೆ, ಏನು ನೋಡುತ್ತಿದ್ದ ಎಂದು ಕಾಣುವುದಿಲ್ಲ. ಒತ್ತುವ ಮೊದಲೇ ಆಗಿಹೋಯಿತು, ಹಾಗಾಗಿ ಪರದೆಯಲ್ಲೂ ಗುರುತಿಲ್ಲ. ನಾನು ಪೊಲೀಸರ ಹತ್ತಿರ ಹೋದೆ. ‘ನೀವು ಅಲ್ಲಿದ್ರಾ ಮೇಡಂ?’ ಎಂದು ಕೇಳಿದರು. ಇರಲಿಲ್ಲ ಎಂದೆ. ‘ಇದ್ದೋರು ನಿಮ್ತಾಯೇ. ಅವ್ರು ಹೇಳೋದು ಬ್ಯಾರೆ’ ಎಂದರು.

ಅವನಿಗೆ ಶಿಕ್ಷೆಯಾಗುತ್ತದೆ ಅಮ್ಮ. ಬಿಸಿಲಿನಲ್ಲಿ ಗಾಜಿನ ಮೂಲಕ ನಿನಗೆ ಹಾಗೆ ಕಂಡಿರಬಹುದು. ಇನ್ನೊಂದು ಸಲ ನೆನಪು ಮಾಡಿಕೊಂಡು ನೋಡು. ಮೊಬೈಲ್ ಅಲ್ಲದಿರಬಹುದು ಎಂದರೂ ಸಾಕು.

ನಿಸರ್ಗ


ಹಳೇಕೋಟೆ
14 ಮಾರ್ಚ್ 2024

ನಿಸರ್ಗ,

ನಾನು ಕುರುಡಿಯಲ್ಲ. ಬಿಸಿಲೂ ಇರಲಿಲ್ಲ, ಗಾಜೂ ಇಳಿಸಿತ್ತು. ಅವನ ಕೈಯಲ್ಲಿ ಮೊಬೈಲ್ ಇರಲಿಲ್ಲ. ಬೆರಳು ಮುಂದೆ ಮಾಡಿ ಆ ಹೊಳೆಯುವ ಹಲಗೆಯನ್ನು ಒತ್ತಲು ಹೋಗುತ್ತಿದ್ದ. ಕಣ್ಣಾರೆ ನೋಡಿದ್ದೇನೆ. ಈಗ ತಿಳಿಯಿತಾ?

ನಿಮ್ಮಪ್ಪನನ್ನು ಚಾಪೆಯ ಮೇಲೆ ಮಲಗಿಸಿದ್ದರು. ಜನ ಆ ಹುಡುಗನನ್ನು ಹಿಡಿದುಕೊಂಡು ಬಾರಿಸುತ್ತಿದ್ದರು. ಆಗ ಯಾರೋ, ‘ಅವ್ನೇನ್ಲಾ ಮಾಡ್ಯಾನು, ಕಾರ್ ತಾನೇ ಓಡದು! ಅದ್ಕೆ ಏಳ್ಕೊಟ್ಟೋರ್ನ ಇಡೀರಿ’ ಎಂದು ಕೂಗಿದರು. ಆ ಮಾತು ನನ್ನ ಕಿವಿಗೆ ಬಿತ್ತು. ಹೇಳಿಕೊಟ್ಟವಳು ಯಾರು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಪೊಲೀಸರು ಬಂದು ಕೇಳುವ ಹೊತ್ತಿಗೆ ಬಾಯಲ್ಲಿ ಮೊಬೈಲ್ ಎಂದು ಬಂದಿತ್ತು.

ಒಬ್ಬರು ಹೋದರು. ಇನ್ನೊಬ್ಬಳನ್ನು ನಾನು ಕೊಡುವುದಿಲ್ಲ. ಅವನು ಯಾರೋ ಚನ್ನರಾಯಪಟ್ಟಣದ ಕಡೆಯವನು, ಅವನ ಮನೆಯವರು ಅವನನ್ನು ನೋಡಿಕೊಳ್ಳಲಿ. ನೀನು ಮತ್ತೆ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿದೆ ಎಂದು ಗೊತ್ತಾದರೆ ನಾನು ನಿನಗೆ ಕಾಗದ ಬರೆಯುವುದಿಲ್ಲ.

ಡಬ್ಬಿ ಇನ್ನೂ ಬಂದಿಲ್ಲ.

ಅಮ್ಮ


ಹಾಸನ
2 ಜೂನ್ 2024

ಅಮ್ಮಾ,

ಎರಡು ಕಾಗದ ಬರೆದೆ, ಉತ್ತರವಿಲ್ಲ. ನಾನು ಮತ್ತೆ ಸ್ಟೇಷನ್ನಿಗೆ ಹೋಗಿದ್ದು ಯಾರೋ ಹೇಳಿರಬೇಕು. ಹೋಗಿ ಏನೂ ಆಗಲಿಲ್ಲ, ಕೋರ್ಟಿನಲ್ಲಿ ನೋಡಿಕೊಳ್ಳಿ ಎಂದರು. ಬೂತಿನವರು ವಾರವಾರ ತುಪ್ಪ, ಚಟ್ನಿಪುಡಿ ಕೊಡುತ್ತಾರೆ, ಕಾಗದವಿಲ್ಲದೆ. ತಿನ್ನುತ್ತಿದ್ದೇನೆ.

ಪರೀಕ್ಷೆಗೆ ಮತ್ತೆ ಅನುಮತಿ ಸಿಕ್ಕಿತು. ಈ ಸಲ ಅರಕಲಗೂಡಿನಿಂದ ರಾಮನಾಥಪುರದವರೆಗೆ. ಡ್ರೈವರ್ ಸೀಟಿನಲ್ಲಿ ಒಬ್ಬರ ಬದಲು ಇಬ್ಬರು ಕೂರಬೇಕು ಎಂದು ಷರತ್ತು ಹಾಕಿದ್ದಾರೆ. ಒಂದೇ ಸೀಟಿನಲ್ಲಿ ಇಬ್ಬರು ಹೇಗೆ ಕೂರುವುದು ಎಂದು ಯಾರೂ ಕೇಳಲಿಲ್ಲ, ಕೊನೆಗೆ ಒಬ್ಬರು ಪಕ್ಕದಲ್ಲಿ ಕೂರಬಹುದು ಎಂದು ತಿದ್ದಿದರು. ಬಂಡವಾಳದವರು ವಾಪಸ್ ಬಂದಿದ್ದಾರೆ. ನಿಂತಿದ್ದ ಪಾಳಿ ಶುರುವಾಯಿತು. ಕ್ಯಾಂಟೀನಿನಲ್ಲಿ ಪಾಯಸ ಮಾಡಿದ್ದರು.

ನನ್ನನ್ನು ಸುರಕ್ಷತಾ ವಿಭಾಗಕ್ಕೆ ಮುಖ್ಯಸ್ಥೆ ಮಾಡಿದ್ದಾರೆ. ಚಂದ್ರಮೌಳಿ ಸರ್ ಈಗ ನನ್ನ ಕಡೆ ನೋಡಿ ಮಾತಾಡುತ್ತಾರೆ. ‘ನಿನಗಿಂತ ಜಾಗ್ರತೆಯಾಗಿ ಈ ಕೆಲಸ ಇನ್ಯಾರು ಮಾಡ್ತಾರೆ?’ ಎಂದರು. ಬಾಯಿ ತೆರೆದು ಆಗುವುದಿಲ್ಲ ಎನ್ನಬೇಕು ಎಂದುಕೊಂಡೆ. ಆಗಲಿ ಸರ್ ಎಂದೆ. ಯಾಕೆ ಹಾಗೆಂದೆ ಎಂದು ನನಗೇ ಗೊತ್ತಿಲ್ಲ. ಯಾರು ಏನು ಕೇಳಿದರೂ ಆಗಲಿ ಎನ್ನುವುದು ಸುಲಭವಾಗಿದೆ.

ಒಕ್ಕಣೆಯ ಪಾಠವನ್ನು ಕಾರಿನಿಂದ ಅಳಿಸಿದೆ. ಈಗ ಅದು ದಾರಿಯಲ್ಲಿ ಸೊಪ್ಪು ಕಂಡರೂ ನಿಲ್ಲುತ್ತದೆ. ಮೊನ್ನೆ ಒಂದು ಗಾಡಿ ಹಸಿರು ಮೇವು ಉದುರಿಸಿಕೊಂಡು ಹೋಗಿತ್ತು, ಅದರ ಹಿಂದೆ ಅರ್ಧ ದಾರಿಯೆಲ್ಲ ನಿಂತು ನಿಂತು ಹೋಯಿತು. ಜನ ಬಯ್ದರು. ನಾನು ಕಾರಿನೊಳಗೆ ಕೂತು ಕೇಳಿಸಿಕೊಂಡೆ.

ಅಭಿಷೇಕ್ ಕೇಸು ಮಳೆಗಾಲದ ನಂತರ ಹೊಳೆನರಸೀಪುರ ಕೋರ್ಟಿಗೆ ಬರುತ್ತದಂತೆ. ಅವನಿಗೆ ಬೇರೆ ಯಾರೂ ಗಾಡಿ ಕೊಡುತ್ತಿಲ್ಲ. ನಿನ್ನ ಮೇಲೆ ಸಿಟ್ಟಿಲ್ಲ ಅಮ್ಮ. ಸಿಟ್ಟೂ ಬರುತ್ತಿಲ್ಲ.

ನಿಸರ್ಗ


ಹಳೇಕೋಟೆ
8 ಸೆಪ್ಟೆಂಬರ್ 2024

ನಿಸರ್ಗ,

ಬರೆಯುವುದಿಲ್ಲ ಎಂದಿದ್ದೆ. ಬರೆಯುತ್ತಿದ್ದೇನೆ, ನನ್ನ ಮಾತಿಗೆ ಅಷ್ಟೇ ಬೆಲೆ ಎಂದುಕೋ.

ಆ ಹುಡುಗನ ತಾಯಿ ಬಂದಿದ್ದಳು. ಮಲ್ಲಿಗಮ್ಮ ಎಂದು ಹೆಸರು. ಮಧ್ಯಾಹ್ನ ಡೈರಿಯ ಬಾಗಿಲು ಹಾಕಿ ಕ್ಯಾನು ತೊಳೆಯುತ್ತಿದ್ದೆ, ಮೆಟ್ಟಿಲ ಮೇಲೆ ಯಾರೋ ಕೂತ ಹಾಗಾಯಿತು. ನನ್ನಷ್ಟೇ ವಯಸ್ಸು, ನನಗಿಂತ ಸಣ್ಣ ಜೀವ. ಯಾರೆಂದು ಹೇಳಿದ ತಕ್ಷಣ ನಾನು ಸೆರಗು ಬಿಗಿದುಕೊಂಡೆ. ಮಗನನ್ನು ಬಿಡಿಸು ಎಂದು ಕಾಲು ಹಿಡಿಯಲು ಬಂದಿದ್ದಾಳೆ, ಎರಡು ಮಾತಾಡಿ ಕಳಿಸಬೇಕು ಎಂದು ಸಿದ್ಧಳಾದೆ. ಬಯ್ಯುವುದು ನನಗೆ ಹೇಳಿಕೊಡಬೇಕಾ?

ಅವಳು ಕಾಲನ್ನೇನೋ ಹಿಡಿದಳು. ಬಿಡಿಸು ಎನ್ನಲಿಲ್ಲ.

‘ತಪ್ಪಾಯ್ತು ಕಣವ್ವ. ನನ್ ಒಟ್ಟೇಲಿ ಉಟ್ಟಿ ಇಂಥ ಕೆಲ್ಸ ಮಾಡ್ದ. ಮಬೈಲ್ ನೋಡ್ನಿಲ್ಲ ಕಣವ್ವಾ ಅಂತ ನನ್ ತಲೆ ಮ್ಯಾಲೆ ಕೈಯಿಟ್ಟು ಆಣೆ ಮಾಡ್ದ. ಕೆನ್ನೆಗ್ ಬಾರ್ಸ್ದೆ. ಗಂಡುನ್ ಕಳ್ಕೊಂಡೋಳು ಸುಳ್ಳೇಳಾಳಾ ಅಂದೆ. ಅವತ್ತೇ ಮನೆಯಿಂದ ಆಚಿಗ್ ಕಳ್ಸಿವ್ನಿ. ಬಸ್‌ಸ್ಟ್ಯಾಂಡ್ ತಾವು ಓಟ್ಲಲ್ಲಿ ತಟ್ಟೆ ತೊಳೀತಾವ್ನಂತೆ. ಸಿಕ್ಷೆ ಆಗ್ಲಿ. ಆಗ್ಬುಟ್ರೆ ನಿನ್ ಸಾಪ ನಮ್ ಮನೆಗ್ ತಟ್ಟಾಕಿಲ್ಲ ಅಂತ ಏಳ್ಬುಡು, ಅದ್ನ ಕೇಳ್ಕಂಡ್ ಓಗಕ್ ಬಂದೆ.’

ನನ್ನ ಕೈಯಲ್ಲಿ ಕ್ಯಾನು ತೊಳೆಯುವ ನಾರು ಇತ್ತು. ನೀರು ಸೋರುತ್ತಿತ್ತು. ಅವಳು ಇನ್ನೂ ಏನೇನೋ ಹೇಳಿದಳು, ಮಗ ಚಿಕ್ಕವನಿದ್ದಾಗಿಂದ ಗಾಡಿಯ ಹುಚ್ಚು ಎಂದು, ಈ ಕಂಪನಿ ಸಮವಸ್ತ್ರ ಹಾಕಿಕೊಂಡು ಬಂದ ದಿನ ಬೀದಿಯವರೆಲ್ಲ ನೋಡಿದರು ಎಂದು. ನನ್ನ ಮಾತನ್ನು ನಂಬಿ ತನ್ನ ಮಗನನ್ನು ಬಿಟ್ಟಿದ್ದಾಳೆ, ನಿಸರ್ಗ. ನಾನು ಅವನನ್ನು ಜೈಲಿಗೆ ಕಳಿಸುತ್ತಿದ್ದೇನೆ ಎಂದಷ್ಟೇ ತಿಳಿದಿದ್ದೆ. ಅದನ್ನು ತಡೆದುಕೊಂಡಿದ್ದೆ, ಸಾಯುವ ತನಕ ತಡೆದುಕೊಳ್ಳುತ್ತಿದ್ದೆ. ಅವನ ತಾಯಿಯನ್ನೂ ಕಿತ್ತುಕೊಂಡಿದ್ದೇನೆ ಎಂದು ನನಗೆ ಗೊತ್ತಿರಲಿಲ್ಲ.

‘ಸಾಪ ಏನಿಲ್ಲ, ಎದ್ದೇಳು’ ಅಂದೆ. ಅದೊಂದೇ ಬಾಯಿಗೆ ಬಂದದ್ದು. ಮಜ್ಜಿಗೆ ಕೊಟ್ಟೆ, ಕುಡಿಯಲಿಲ್ಲ. ನಮ್ಮ ಮನೆಯ ನೀರನ್ನೂ ಮುಟ್ಟುವ ಯೋಗ್ಯತೆ ತನಗಿಲ್ಲವಂತೆ. ಹಾಗಂದು ಹೊರಟುಹೋದಳು.

ಮನೆಗೆ ಬಂದು ಅಡುಗೆ ಮಾಡಿದೆ, ಊಟ ಮಾಡಲಾಗಲಿಲ್ಲ. ಇಷ್ಟು ತಿಂಗಳಲ್ಲಿ ಊಟ ಸೇರದಿದ್ದುದು ಇದೇ ಮೊದಲು.

ಅಮ್ಮ


ಹಾಸನ
15 ಸೆಪ್ಟೆಂಬರ್ 2024

ಅಮ್ಮಾ,

ಕಾಗದ ತಲುಪಿತು. ಏನು ಮಾಡು ಎಂದು ನಾನು ಹೇಳುವುದಿಲ್ಲ. ಒಂದು ಸಲ ಹೇಳಿದ್ದೇನೆ.

ಡಬ್ಬಿಗಳನ್ನೆಲ್ಲ ತೊಳೆದು ಕಳಿಸಿದ್ದೇನೆ.

ನಿಸರ್ಗ


ಹಳೇಕೋಟೆ
12 ನವೆಂಬರ್ 2024

ನಿಸರ್ಗ,

ನಿನ್ನೆ ಹೊಳೆನರಸೀಪುರದ ಕೋರ್ಟಿಗೆ ಹೋಗಿ ಬಂದೆ. ಯಾರಾದರೂ ನಿನಗೆ ಹೇಳುವ ಮೊದಲು ನಾನೇ ಹೇಳಬೇಕು.

ಬೆಳಗ್ಗೆ ಬೇಗ ಹಾಲು ಅಳೆದು ಮುಗಿಸಿ ಬಸ್ಸು ಹತ್ತಿದೆ. ಕಂಪನಿಯ ವಕೀಲರು ಬಾಗಿಲಲ್ಲೇ ಸಿಕ್ಕಿ, ‘ಅಮ್ಮಾ, ಗಾಬ್ರಿ ಬೇಡ. ಪೊಲೀಸರಿಗೆ ಹೇಳಿದ್ದನ್ನೇ ಇಲ್ಲೂ ಹೇಳಿ’ ಎಂದರು. ತಲೆಯಾಡಿಸಿದೆ. ಮಲ್ಲಿಗಮ್ಮ ಹೊರಗಿನ ಬೆಂಚಿನಲ್ಲಿದ್ದಳು. ಅವಳ ಮಗ ಅವಳಿಂದ ದೂರದಲ್ಲಿ, ಕಂಬದ ಹತ್ತಿರ ನಿಂತಿದ್ದ. ತುಂಬ ಇಳಿದುಹೋಗಿದ್ದಾನೆ. ಕೈಯೆಲ್ಲ ನೀರಿನಲ್ಲಿ ನೆನೆದ ಹಾಗೆ ಬೆಳ್ಳಗಾಗಿತ್ತು.

ಸರ್ಕಾರಿ ವಕೀಲರು ಕೇಳಿದರು, ‘ಆರೋಪಿ ಕೈಯಲ್ಲಿ ಮೊಬೈಲ್ ಇತ್ತಲ್ವಾ?’

‘ಇರ್ನಿಲ್ಲ ಸಾ.’

ಅವರಿಗೆ ಕೇಳಿಸಲಿಲ್ಲವೋ ಏನೋ, ಮತ್ತೆ ಕೇಳಿದರು. ನಾನು ಮತ್ತೆ ಅದನ್ನೇ ಹೇಳಿದೆ.

‘ಪೊಲೀಸರ ಮುಂದೆ ಇತ್ತು ಅಂದಿದ್ದೀರಿ!’

‘ಸುಳ್ಳೇಳ್ದೆ. ಕಾರಲ್ಲಿ ಕೂರ್ಸಿರೋ ಅಲ್ಗೆ ಒತ್ತಕ್ ಓಗ್ತಿದ್ದ. ಒತ್ತು ಅಂತ ಅವ್ನಿಗ್ ಏಳಿದ್ದು ಕಂಪ್ನಿಯೋರು.’

ಜಡ್ಜಮ್ಮ ಕನ್ನಡಕ ತೆಗೆದು ನನ್ನನ್ನು ನೋಡಿದರು. ‘ಯಾಕಮ್ಮಾ ಸುಳ್ಳು ಹೇಳಿದ್ರಿ? ನಿಮ್ಮ ಮೇಲೇ ಕೇಸಾಗುತ್ತೆ, ಗೊತ್ತಾ?’

‘ಆಗ್ಲಿ ಅವ್ವಾ. ರಸ್ತೇಲಿ ಆಕಿರೋ ಬೆಳೆ ಮ್ಯಾಲೆ ಓಗು ಅಂತ ಆ ಕಾರ್ಗೆ ಕಲ್ಸಿದ್ದು ನನ್ ಮಗ್ಳು, ನಿಸರ್ಗ ಅಂತ. ಕಲ್ಸು ಅಂತ ಅವಳ್ಗೆ ಏಳಿದ್ದು ನಾನು. ಇದ್ರಲ್ಲಿ ಈ ಉಡ್ಗುಂದೇನೂ ಇಲ್ಲ. ಬರ್ಕಳಿ.’

ಬರೆದುಕೊಂಡರು. ನೀನು ಇರುವ ಜಾಗ ಕೇಳಿದರು, ಹೇಳಿದೆ. ಸಹಿ ಹಾಕಿಸಿಕೊಂಡರು.

ಹೊರಗೆ ಬಂದಾಗ ಮಲ್ಲಿಗಮ್ಮ ನನ್ನ ಎದುರಿಗೆ ಬಂದು ನಿಂತಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆಯಲಿ ಎಂದು ನಿಂತೆ. ‘ಇಷ್ಟ್ ದಿನ ಯಾಕವ್ವಾ ಸುಮ್ಕಿದ್ದೆ?’ ಎಂದಳು. ‘ನನ್ಗೂ ಒಬ್ಳು ಮಗ್ಳವ್ಳೆ’ ಅಂದೆ. ಅವಳು ಮಗನ ಹತ್ತಿರ ಹೋಗಿ ಅವನ ತೋಳು ಹಿಡಿದಳು. ಅವನು ಬಿಡಿಸಿಕೊಂಡ. ಇಬ್ಬರೂ ಚನ್ನರಾಯಪಟ್ಟಣದ ಬಸ್ಸನ್ನೇ ಹತ್ತಿದರು, ಅವನು ಮುಂದಿನ ಬಾಗಿಲಲ್ಲಿ, ಅವಳು ಹಿಂದಿನ ಬಾಗಿಲಲ್ಲಿ. ಬಸ್ಸು ಹೊರಡುವ ತನಕ ನೋಡುತ್ತ ನಿಂತಿದ್ದೆ. ಅವನು ಹಿಂದೆ ತಿರುಗಲಿಲ್ಲ.

ಪೊಲೀಸರು ನಿನ್ನ ಹತ್ತಿರ ಬರುತ್ತಾರೆ. ನಿನ್ನನ್ನು ಉಳಿಸಲು ಒಂದು ಸುಳ್ಳು ಹೇಳಿದ್ದೆ, ಅದನ್ನೂ ನಾನೇ ಕಿತ್ತುಹಾಕಿದೆ. ಸಿಟ್ಟು ಬಂದರೆ ಫೋನ್ ಮಾಡಿ ಬಯ್ಯಿ. ಸುಮ್ಮನಿರಬೇಡ.

ಅಮ್ಮ


ಹೊಳೆನರಸೀಪುರ
19 ನವೆಂಬರ್ 2024

ಅಮ್ಮಾ,

ಬಸ್‌ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಪೊಲೀಸರು ಬರುವುದನ್ನು ಕಾಯದೆ ನಾನೇ ಬಂದೆ.

ನಿನ್ನ ಮಾತು ಮರುದಿನವೇ ಪೇಪರಿನಲ್ಲಿ ಬಂತು. ಸಂಜೆಯ ಹೊತ್ತಿಗೆ ಬಂಡವಾಳದವರು ಹಿಂದೆ ಸರಿದರು, ಕಾರು ಕಾದಿರಿಸಿದ್ದವರೂ ಬೇಡ ಎನ್ನತೊಡಗಿದರು. ಅರಕಲಗೂಡಿನ ರಸ್ತೆಯಲ್ಲಿದ್ದ ಕಾರುಗಳನ್ನು ಲಾರಿಯಲ್ಲಿ ಹೇರಿಕೊಂಡು ಬಂದರು. ಕಾರ್ಖಾನೆಯ ಗೇಟಿನಲ್ಲಿ ಜನ ಗುಂಪು ಕೂಡಿದ್ದರು. ನಾನು ಒಳಗೆ ಹೋಗುವಾಗ ಯಾರೂ ಬಯ್ಯಲಿಲ್ಲ. ಪಾಳಿಯಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ಮಾತ್ರ, ‘ನಮ್ ಕತೆ ಏನು ಮೇಡಂ?’ ಎಂದಳು. ಚಂದ್ರಮೌಳಿ ಸರ್ ತಮ್ಮ ಕೋಣೆಯಲ್ಲಿ ದೀಪ ಹಾಕದೆ ಕೂತಿದ್ದರು. ರಾಜೀನಾಮೆ ಕೊಟ್ಟೆ. ‘ಅಮ್ಮನ್ನ ನೋಡ್ಕೋ’ ಎಂದರು, ಅಷ್ಟೇ.

ಸ್ಟೇಷನ್ನಿನಲ್ಲಿ ಒಬ್ಬರು ವಯಸ್ಸಾದ ರೈಟರು ನನ್ನ ಹೇಳಿಕೆ ಬರೆದುಕೊಂಡರು. ಒಳ್ಳೆಯವರು. ಮೊದಲು ಮಾಮೂಲಿ ಪ್ರಶ್ನೆಗಳು. ಹೆಸರು ಕೇಳಿದರು, ನಿಸರ್ಗ ಎಂದೆ. ವಯಸ್ಸು ಹೇಳಿದೆ. ತಂದೆಯ ಹೆಸರು ರಾಮಣ್ಣ ಎಂದೆ. ಅವರಿಗೆ ಯಾವ ಕೇಸು ಎಂದು ಆಗ ಇನ್ನೂ ಹೊಳೆದಿರಲಿಲ್ಲ ಎಂದು ಕಾಣುತ್ತದೆ. ಬರೆಯುತ್ತಲೇ, ತಲೆಯೆತ್ತದೆ, ‘ತಂದೆ ಇದ್ದಾರೇನಮ್ಮ?’ ಎಂದು ಕೇಳಿದರು.

ಇಲ್ಲ ಎನ್ನಲು ಬಾಯಿ ತೆರೆದೆ. ಆ ಶಬ್ದ ಬರಲಿಲ್ಲ ಅಮ್ಮ, ಬೇರೆ ಯಾವುದೋ ಶಬ್ದ ಬಂತು. ಮಹಿಳಾ ಪೇದೆ ಓಡಿಬಂದು ನನ್ನನ್ನು ಹಿಡಿದುಕೊಂಡರು. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ರೈಟರು ಪೆನ್ನು ಕೆಳಗಿಟ್ಟು, ‘ಅಳ್ಲಿ ಬುಡಮ್ಮ, ಆಮೇಲ್ ಬರ್ಕಂಡ್ರಾಯ್ತು’ ಎನ್ನುತ್ತಿದ್ದುದು ಕೇಳುತ್ತಿತ್ತು.

ಆಮೇಲೆ ಎಲ್ಲ ಹೇಳಿದೆ. ಕರೆದಾಗ ಬರಬೇಕು ಎಂದು ಹೇಳಿ ಇವತ್ತಿಗೆ ಬಿಟ್ಟಿದ್ದಾರೆ. ಹಳೇಕೋಟೆಯ ಬಸ್ಸಿಗೆ ಇನ್ನೂ ಹೊತ್ತಿದೆ. ಈ ಕಾಗದವನ್ನು ನಾನೇ ತಂದು ನಿನ್ನ ಕೈಗೆ ಕೊಡುತ್ತೇನೆ, ಎದುರಿಗೆ ನಿಂತರೆ ಮತ್ತೆ ಸುಮ್ಮನಾಗಿಬಿಡುತ್ತೇನೇನೋ ಎಂದು ಭಯ.

ಅಮ್ಮಾ, ಅಪ್ಪ ಸತ್ತುಹೋಗಿದ್ದಾರೆ ಕಣಮ್ಮ.

ನಿಸರ್ಗ